ಕಡಲ ಹಲಗೆಯ ಮೇಲೆ ಹಮಾಲಿ ಹುಲಿಗೇಶ

ಹುಲಿಗೇಶನ ಬಗ್ಗೆ ಬರೆಯಲು ಕೂತರೆ ಮೊದಲು ಅವನ ಸೊಂಟದ ಬಗ್ಗೆ ಬರೆಯಬೇಕಾಗುತ್ತದೆ. ಮುಖ ಆಮೇಲೆ. ಹದಿನೇಳು ವರ್ಷ ನಾವಿಬ್ಬರೂ ಸಿರುಗುಪ್ಪದ ಒಂದೇ ಗೊಬ್ಬರದ ಅಂಗಡಿಯಲ್ಲಿ ದುಡಿದೆವು. ನಾನು ಶರಣ, ಕೌಂಟರಿನಲ್ಲಿ ಫ್ಯಾನಿನ ಕೆಳಗೆ ಕೂತು ಬಿಲ್ಲು ಬರೆಯುವವನು. ಅವನು ಹಮಾಲಿ. ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ರೈತರ ಟ್ರ್ಯಾಕ್ಟರಿಗೆ ಚೀಲ ಹೊರುವವನು. ನಾನು ಅವನನ್ನು ಹೆಚ್ಚಾಗಿ ನೋಡಿದ್ದೇ ಹಿಂದಿನಿಂದ: ಬೆನ್ನ ಮೇಲೊಂದು ಚೀಲ, ಅದರ ಕೆಳಗೆ ಬಾಗಿದ ಸೊಂಟ. ಆ ಸೊಂಟ ಮುರಿದವರಲ್ಲಿ ನಾನೂ ಒಬ್ಬ. ಇದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಬಚ್ಚಿಟ್ಟು ಆಮೇಲೆ ಕಣ್ಣೊರೆಸಿಕೊಳ್ಳುವ ಚಾಳಿ ನನಗಿಲ್ಲ.

ಅವನ ಹುಟ್ಟೂರು ಕರೂರು. ಅಪ್ಪ ಎರ್ರೆಪ್ಪ ಕಂಡವರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದ. ಮಗ ಹತ್ತನೇ ಕ್ಲಾಸು ಪಾಸಾದ, ಅಲ್ಲಿಗೆ ಓದು ಮುಗಿಯಿತು, ಗದ್ದೆಗೆ ಇಳಿದ. ನಾಟಿಗೆ ಮುಂಚೆ ನೀರು ನಿಲ್ಲಿಸಿದ ಕೆಸರನ್ನು ಮಟ್ಟ ಮಾಡಬೇಕಲ್ಲ, ಅದಕ್ಕೆ ಎತ್ತಿನ ಹಿಂದೆ ಒಂದು ಉದ್ದನೆಯ ಹಲಗೆ ಕಟ್ಟುತ್ತಾರೆ. ಹಲಗೆಯ ಮೇಲೆ ಭಾರಕ್ಕೆ ಒಬ್ಬ ಮನುಷ್ಯ ನಿಲ್ಲಬೇಕು. ಎರಡು ಕಾಲು ಜೋಡಿಸಿ, ಹಗ್ಗ ಹಿಡಿದು, ಹಿಂದಕ್ಕೆ ವಾಲಿ. ಎತ್ತು ಎಳೆದಂತೆಲ್ಲ ಹಲಗೆ ನೀರಿನ ಮೇಲೆ ಜಾರುತ್ತಾ ಹೋಗುತ್ತದೆ. ಹೊಸಬರು ಹತ್ತು ಹೆಜ್ಜೆಗೆ ಕೆಸರಿಗೆ ಬೀಳುತ್ತಾರೆ. ಹುಲಿಗೇಶ ಆ ಹಲಗೆಯ ಮೇಲೆ ನಿಂತೇ ರೊಟ್ಟಿ ತಿನ್ನುತ್ತಿದ್ದನಂತೆ. ಈ ಮಾತನ್ನು ಅಂಗಡಿಯಲ್ಲಿ ಅವನು ಎಷ್ಟು ಸಲ ಹೇಳಿದ್ದನೆಂದರೆ ನಮಗೆಲ್ಲ ಬಾಯಿಪಾಠವಾಗಿತ್ತು. ಟ್ರ್ಯಾಕ್ಟರು ಬಂದ ಮೇಲೆ ಆ ಕೆಲಸ ಹೋಯಿತು. ಹೆಂಡತಿ ನೀಲಾವತಿಯನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಬಂದ, ಚೀಲ ಹೊರಲು ನಿಂತ.

ಇನ್ನೊಂದು ಸಂಗತಿ ಹೇಳಬೇಕು, ಹೇಳಲು ನನಗೆ ಹೊಟ್ಟೆಯುರಿಯುತ್ತದೆ. ರೈತರು ರೋಗ ಬಿದ್ದ ಎಲೆ ಕಿತ್ತುಕೊಂಡು ಬಂದು ನನ್ನ ಮುಂದೆ ಹಿಡಿಯುತ್ತಿದ್ದರು. ನನಗೆ ಎಲೆ ನೋಡಿದರೆ ಎಲೆಯಷ್ಟೇ ಕಾಣುತ್ತದೆ. ಹುಲಿಗೇಶ ಚೀಲ ಹೊತ್ತುಕೊಂಡೇ ಓರೆಗಣ್ಣಲ್ಲಿ ನೋಡಿ, "ಜಿಗಿಹುಳ ಬಿದ್ದೈತಿ, ಮದ್ಲು ನೀರು ಕಡಿಮಿ ಮಾಡ್ರಿ, ಹುಳದ ಎಣ್ಣಿ ಆಮ್ಯಾಲೆ ಹೊಡೀರಿ" ಅನ್ನುತ್ತಾ ದಾಟಿಹೋಗುತ್ತಿದ್ದ. ಅವನು ಹೇಳಿದ್ದೇ ಸರಿ ಇರುತ್ತಿತ್ತು. ರೈತರು ನನ್ನ ಹತ್ತಿರ ಬಿಲ್ಲು ತಗೊಂಡು ಅವನಿಗೆ ಕೈ ಮುಗಿದು ಹೋಗುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅವನಿಗೆ ಎಡಗಾಲು ಜುಂ ಅನ್ನಲು ಶುರುವಾಯಿತು. ಒಂದು ರಜೆ ದಿನ ನಾನೇ ಅವನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಡಾಕ್ಟರು ಸ್ಕ್ಯಾನ್ ಪ್ಲೇಟನ್ನು ದೀಪಕ್ಕೆ ಹಿಡಿದು, ಬೆನ್ನೆಲುಬಿನ ನಡುವಿನ ಡಿಸ್ಕ್ ಜಾರಿದೆ, ಇನ್ನು ಚೀಲ ಹೊರುವುದು ಬಂದ್, ಹೊತ್ತರೆ ಒಂದು ದಿನ ಕಾಲೇ ಬರುವುದಿಲ್ಲ ಅಂದರು. ಹುಲಿಗೇಶ ವಾಪಸು ಬರುವಾಗ ಬಸ್ಸಿನಲ್ಲಿ ಪ್ಲೇಟನ್ನು ಎದೆಗೆ ಒತ್ತಿಕೊಂಡು ಕೂತಿದ್ದ. "ಶರಣಣ್ಣ, ಕುರುಗೋಡಾಗ ಹೊಸ ಅಂಗಡಿ ತೆರೀತಾರಂತಲ್ಲ, ಅಲ್ಲಿ ಕೌಂಟರ್‌ಗೆ ನನ್ನ ಕುಂದರಸ್ರಿ ಅಂತ ಸಾವ್ಕಾರ್ರನ್ನ ಕೇಳ್ಲೇನು?" ಅಂದ. ನಾನು "ಕೇಳು, ಅದರಾಗೇನೈತಿ" ಅಂದೆ.

ಅದರಲ್ಲಿ ಬೇಕಾದಷ್ಟಿತ್ತು. ನನ್ನ ಮನೆ ಇರುವುದೇ ಕುರುಗೋಡಿನಲ್ಲಿ. ಹದಿನೇಳು ವರ್ಷ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಸಿರುಗುಪ್ಪಕ್ಕೆ ಹೋಗಿ ಬರುತ್ತಿದ್ದೆ. ಆ ಕುರ್ಚಿ ನನ್ನದೇ ಎಂದು ಹೆಂಡತಿ ದಾಕ್ಷಾಯಣಿಗೆ ಆಗಲೇ ಹೇಳಿಯಾಗಿತ್ತು, ಅವಳು ಓಣಿಗೆಲ್ಲ ಹೇಳಿಯಾಗಿತ್ತು. ನನಗೆ ಆ ಕುರ್ಚಿ ಸಿಕ್ಕರೆ ಬಸ್ಸು ತಪ್ಪುತ್ತಿತ್ತು. ಅವನಿಗೆ ಸಿಕ್ಕರೆ ಕಾಲು ಉಳಿಯುತ್ತಿತ್ತು. ಈ ಲೆಕ್ಕ ನನಗೆ ಅವತ್ತೂ ಗೊತ್ತಿತ್ತು.

ನಮ್ಮ ಸಾವ್ಕಾರರು ತಿಪ್ಪೇರುದ್ರಪ್ಪನವರು. ಅವರು ಇಲ್ಲ ಅನ್ನುವುದಿಲ್ಲ, ಹೂಂ ಅನ್ನುವುದೂ ಇಲ್ಲ. ಹುಲಿಗೇಶ ಸೊಂಟದ ಕಥೆ ಹೇಳಿ ಕುರ್ಚಿ ಕೇಳಿದಾಗ "ನೋಡೂಣ ತಡಿ" ಅಂದರು. ನೋಡೋಣ ಅನ್ನುವಷ್ಟರಲ್ಲಿ ಫೆಬ್ರವರಿ ಬಂತು. ಔಷಧಿ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಯವರನ್ನೆಲ್ಲ ಉಡುಪಿ ಕಡೆಯ ಕಡಲ ದಂಡೆಗೆ ನಾಲ್ಕು ದಿನ ಟೂರು ಕರೆದುಕೊಂಡು ಹೊರಟಿತು. ಬಸ್ಸಿನ ತುಂಬ ಬಳ್ಳಾರಿ, ಮೋಕ, ಸಿರಿಗೇರಿಯ ವ್ಯಾಪಾರಿಗಳು. ಈ ಜನಕ್ಕೆ ಕರಾವಳಿಯ ಕುಚ್ಚಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ. ಆದ್ದರಿಂದ ಎರಡು ಚೀಲ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳು, ಮೊಸರಿನ ಕೊಡ, ಎಲ್ಲವೂ ಬಸ್ಸು ಹತ್ತಿದವು. ಹೊರಲು ಒಬ್ಬ ಬೇಕಲ್ಲ, ಹುಲಿಗೇಶನೂ ಹತ್ತಿದ. ಫೋಟೋ ತೆಗೆಯಲು ನಾನು.

ನಾವು ಇಳಿದ ರೆಸಾರ್ಟಿನಲ್ಲಿ ಸರ್ಫಿಂಗ್ ಕಲಿಸುತ್ತಿದ್ದರು. ನುಣುಪಾದ ಹಲಗೆ ಹಿಡಿದು ಕಡಲಿಗೆ ಇಳಿಯುವುದು, ಅಲೆ ಬಂದಾಗ ಹಲಗೆಯ ಮೇಲೆ ಎದ್ದು ನಿಲ್ಲುವುದು, ಅಲೆಯ ಜೊತೆ ದಂಡೆಗೆ ಬರುವುದು. ಟೂರಿನಲ್ಲಿ ಅದೂ ಸೇರಿತ್ತು. ವ್ಯಾಪಾರಿಗಳು ಚಡ್ಡಿ ಹಾಕಿಕೊಂಡು ನೀರಿನ ತುದಿಯಲ್ಲಿ ನಿಂತರು, ಮೊಣಕಾಲು ಒದ್ದೆ ಮಾಡಿಕೊಂಡರು, ಕುರ್ಚಿಗೆ ವಾಪಸಾದರು. ಮೋಕದ ಒಬ್ಬ ವ್ಯಾಪಾರಿ ನಮ್ಮ ಸಾವ್ಕಾರರ ಕಾಲೆಳೆದ.

"ತಿಪ್ಪೇರುದ್ರಪ್ಪನೋರ ಹೊಟ್ಟಿಗೆ ಹಲಿಗಿ ಅಲ್ರೀ, ಹಡಗ ಬೇಕು."

ಸಾವ್ಕಾರರಿಗೆ ಉರಿಯಿತು. "ನಾ ಯಾಕ ನಿಂದರಲಿ? ನಮ್ಮ ಹಮಾಲಿ ನಿಂದರ್ತಾನ. ಕರೂರು ಗದ್ದ್ಯಾಗ ಹಲಿಗಿ ಮ್ಯಾಲೆ ನಿಂತು ರೊಟ್ಟಿ ತಿಂದಾವ ಅಂವ. ಲೇ ಹುಲಿಗೇಶಾ, ಬಾ ಇಲ್ಲಿ."

ಹುಲಿಗೇಶ ತಟ್ಟೆ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ.

"ಊರಿಗೆ ಹೋಗೂದರೊಳಗ ಆ ಹಲಿಗಿ ಮ್ಯಾಲೆ ನಿಂತು ದಂಡಿಗೆ ಬಂದು ತೋರಸು. ಕುರುಗೋಡು ಕುರ್ಚಿ ನಿಂದ."

ಎಲ್ಲರೂ ಹೋ ಎಂದು ನಕ್ಕರು. ಹುಲಿಗೇಶ ನಗಲಿಲ್ಲ. "ಖರೇನ ಸಾವ್ಕಾರ್ರೆ?" ಅಂದ. ಸಾವ್ಕಾರರು "ಇಷ್ಟ ಮಂದಿ ಮುಂದ ಹೇಳೀನಲ್ಲಲೇ" ಅಂದರು.

ಕಲಿಸುವವನ ಹೆಸರು ಲೋಹಿತಾಕ್ಷ. ಮೀನುಗಾರರ ಮನೆಯವನು, ಮೂವತ್ತರ ಆಸುಪಾಸು, ಮಾತು ಕಡಿಮೆ. ನೀರಿಗೆ ಇಳಿಯುವ ಮುಂಚೆ ಇಂಗ್ಲಿಷಿನ ಒಂದು ಫಾರಂ ತುಂಬಬೇಕಿತ್ತು. ಹುಲಿಗೇಶ ಅದನ್ನು ನನ್ನ ಕೈಗೆ ಕೊಟ್ಟ. ಹೃದಯದ ಕಾಯಿಲೆ ಇದೆಯೇ, ಇಲ್ಲ. ಫಿಟ್ಸ್ ಇದೆಯೇ, ಇಲ್ಲ. ಬೆನ್ನು ನೋವು ಇದೆಯೇ. ನಾನು ಪೆನ್ನು ಎತ್ತಿ ಅವನ ಮುಖ ನೋಡಿದೆ. ಅವನು "ಇಲ್ಲ ಅಂತ ಬರಿಯಣ್ಣ" ಅಂದ. ಬರೆದೆ. ಎರಡು ನೋವಿನ ಗುಳಿಗೆಯನ್ನೂ ಕೊಟ್ಟೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇವನು ನಿಲ್ಲುವುದು ಸಾಧ್ಯವೇ ಇಲ್ಲ.

ಲೋಹಿತಾಕ್ಷ ಮೊದಲು ಮರಳಿನ ಮೇಲೆ ಕಲಿಸಿದ. ಹಲಗೆಯ ಮೇಲೆ ಬೋರಲು ಮಲಗಬೇಕು, ಕೈಯಿಂದ ನೀರು ತಳ್ಳಬೇಕು, ಅಲೆ ಹಿಂದಿನಿಂದ ಎತ್ತಿದ ತಕ್ಷಣ ಎದೆಯ ಪಕ್ಕ ಕೈಯೂರಿ ಒಂದೇ ನೆಗೆತಕ್ಕೆ ಎದ್ದು ನಿಲ್ಲಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ, ದೇಹ ಅಡ್ಡ. ಮಂಡಿ ಬಗ್ಗಿರಬೇಕು, ಭಾರ ಮುಂದಕ್ಕೆ. ಮರಳಿನ ಮೇಲೆ ಹುಲಿಗೇಶ ಹತ್ತು ಸಲ ಸರಿಯಾಗಿ ಮಾಡಿದ. ನೀರಿಗಿಳಿದ ಕೂಡಲೇ ಕರೂರಿನವನಾಗಿಬಿಟ್ಟ. ಅಲೆ ಎತ್ತುತ್ತಿದ್ದಂತೆ ಎರಡೂ ಕಾಲು ಜೋಡಿಸಿ, ಹಿಮ್ಮಡಿಗೆ ಭಾರ ಹಾಕಿ, ಹಿಂದಕ್ಕೆ ವಾಲಿ, ಎರಡೂ ಕೈ ಮುಂದಕ್ಕೆ ಚಾಚಿ ಇಲ್ಲದ ಹಗ್ಗವನ್ನು ಹಿಡಿಯಲು ಹೋದ. ಹಲಗೆ ಅವನನ್ನು ಬಿಟ್ಟು ಮುಂದೆ ಹೋಯಿತು. ಅವನು ಅಂಗಾತ ಬಿದ್ದ.

ದಂಡೆಯಲ್ಲಿ ನಗೆಯೋ ನಗೆ. "ಎತ್ತ ಎಲ್ಲಿ ಬಿಟ್ಟು ಬಂದಿಯೋ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ನಾಲಿಗೆ ಚಪ್ಪರಿಸಿ ಎತ್ತು ಹೊಡೆಯುವ ಸದ್ದು ಮಾಡಿದ. ಆಮೇಲೆ ಅದೇ ಆಟವಾಯಿತು. ಹುಲಿಗೇಶ ಹಲಗೆಯ ಮೇಲೆ ಎದ್ದಾಗಲೆಲ್ಲ ಹನ್ನೆರಡು ಜನ ವ್ಯಾಪಾರಿಗಳು ಒಟ್ಟಿಗೆ "ಹೋ ಹೋ, ಹೇ ಬಸವಾ" ಎಂದು ಕೂಗುವುದು, ಅವನು ಬಿದ್ದ ಕೂಡಲೇ ಚಪ್ಪಾಳೆ. ನಾನೂ ಕೂಗಿದೆ. ಸುಳ್ಳು ಯಾಕೆ, ಎಲ್ಲರಿಗಿಂತ ಜೋರಾಗಿ ಕೂಗಿದೆ.

"ಹಗ್ಗ ಇಲ್ಲ ಮಾರಾಯ್ರೆ," ಲೋಹಿತಾಕ್ಷ ಎದೆಮಟ್ಟದ ನೀರಿನಲ್ಲಿ ನಿಂತು ಹೇಳುತ್ತಿದ್ದ. "ನಿಮ್ಮನ್ನು ಯಾರೂ ಎಳೆಯುವುದಿಲ್ಲ ಇಲ್ಲಿ. ಹಿಂದಿನಿಂದ ತಳ್ಳುವುದು. ಎಳೆದರೆ ಹಿಂದಕ್ಕೆ ವಾಲಬೇಕು, ತಳ್ಳಿದರೆ ಮುಂದಕ್ಕೆ ಬಗ್ಗಬೇಕು."

ಮೊದಲ ದಿನ ನಲವತ್ತು ಸಲವಾದರೂ ಬಿದ್ದಿರಬೇಕು. ಮೂಗಿನಲ್ಲಿ, ಕಿವಿಯಲ್ಲಿ ಉಪ್ಪುನೀರು. ಎದೆ ಹಲಗೆಗೆ ಉಜ್ಜಿ ಕೆಂಪಾಗಿತ್ತು. ಎರಡನೇ ದಿನ ಬೆಳಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿದ. ಎಡಗಾಲನ್ನು ಕೈಯಲ್ಲಿ ಎತ್ತಿ ನೆಲಕ್ಕೆ ಇಟ್ಟುಕೊಂಡ. ನಾನು "ಸಾಕು ಬಿಡಲೇ" ಅಂದೆ. ಈ ಮಾತು ಮನಸ್ಸಿನಿಂದಲೇ ಬಂದದ್ದು, ಆದರೆ ಅರ್ಧ ಅವನ ಕಾಲಿಗಾಗಿ, ಅರ್ಧ ಕುರ್ಚಿಗಾಗಿ. ಅವನು "ಇನ್ನೆರಡು ಗುಳಿಗಿ ಕೊಡಣ್ಣ" ಅಂದ. ಕೊಟ್ಟೆ.

ಎರಡನೇ ದಿನ ಲೋಹಿತಾಕ್ಷನಿಗೆ ಅನುಮಾನ ಬಂತು. "ಬೆನ್ನು ನೋವು ಉಂಟಾ ನಿಮಗೆ? ಉಂಟಾದರೆ ಬೇಡ, ಹೇಳಿ." ಹುಲಿಗೇಶ ತಲೆ ಅಲ್ಲಾಡಿಸಿದ. ಲೋಹಿತಾಕ್ಷ ನನ್ನ ಕಡೆ ತಿರುಗಿದ. ನಾನು ಮೊಬೈಲಿನಲ್ಲಿ ಏನೋ ನೋಡುತ್ತಿರುವವನಂತೆ ನಿಂತೆ. ಅವತ್ತು ಮಧ್ಯಾಹ್ನದ ಹೊತ್ತಿಗೆ ವ್ಯಾಪಾರಿಗಳಿಗೆ ಆಟ ಬೇಜಾರಾಗಿತ್ತು. ಅವರು ಒಳಗೆ ಹೋಗಿ ಇಸ್ಪೀಟಿಗೆ ಕೂತರು. ಕೂಗುವವರಿಲ್ಲದ ಕಡಲಿನಲ್ಲಿ ಹುಲಿಗೇಶ ಬೀಳುತ್ತಲೇ ಇದ್ದ. ಆದರೆ ಕೈ ಹಗ್ಗ ಹುಡುಕುವುದನ್ನು ಬಿಟ್ಟಿತ್ತು. ಅದನ್ನು ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು.

ಮೂರನೇ ದಿನ ಬೆಳಗ್ಗೆ ಅವನು ನಿಂತ. ಮುರಿದ ಅಲೆಯ ಬಿಳಿ ನೊರೆ ಹಿಂದಿನಿಂದ ಬಂತು, ಲೋಹಿತಾಕ್ಷ ಹಲಗೆಯನ್ನು ತಳ್ಳಿ "ಏಳಿ!" ಎಂದ, ಹುಲಿಗೇಶ ಎದ್ದ. ಎಡಗಾಲು ಮುಂದೆ, ಬಲಗಾಲು ಹಿಂದೆ, ದೇಹ ಅಡ್ಡ, ಮಂಡಿ ಬಗ್ಗಿಸಿ. ಒಂದು ಸಲ ಅಲುಗಿದ, ಬೀಳಲಿಲ್ಲ. ಅಲೆ ಅವನನ್ನು ಹೊತ್ತುಕೊಂಡು ಬಂತು. ಹದಿನೇಳು ವರ್ಷ ಎಲ್ಲವನ್ನೂ ಹೊತ್ತವನನ್ನು ಕೊನೆಗೂ ಯಾವುದೋ ಒಂದು ಹೊತ್ತಿತು. ಅವನು ಬಾಯಿ ತೆರೆದು ನಗುತ್ತಿದ್ದ. ಅವನಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ ಎಂಬುದು ನನಗೆ ಗೊತ್ತಾದದ್ದೇ ಆಗ. ಹಲಗೆ ಮರಳಿಗೆ ತಾಗಿ ನಿಲ್ಲುವವರೆಗೆ ಅವನು ಬೀಳಲಿಲ್ಲ. ನನ್ನ ಮೊಬೈಲಿನಲ್ಲಿ ಅದು ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡು ನಾನು ಕುರ್ಚಿಯನ್ನು ಮರೆತಿದ್ದೆ, ಶಿಳ್ಳೆ ಹೊಡೆದಿದ್ದೆ. ವಿಡಿಯೋದಲ್ಲಿ ಕೇಳುವ ಶಿಳ್ಳೆ ನನ್ನದೇ.

ಊರಿಗೆ ಬಂದ ಮೇಲೆ ಸಾವ್ಕಾರರು ಮಾತು ಉಳಿಸಿಕೊಳ್ಳುವ ಹುಮ್ಮಸ್ಸಿನಲ್ಲೇ ಇದ್ದರು. ಮೋಕದವನ ಬಾಯಿ ಮುಚ್ಚಿಸಿದ ಖುಷಿ ಅವರಿಗೆ. "ಹುಲಿಗೇಶನ್ನ ಕುರುಗೋಡಿಗೆ ಹಾಕೂಣೇನು ಶರಣಪ್ಪ? ಎಲಿ ನೋಡಿ ರೋಗ ಹೇಳ್ತಾನ" ಎಂದು ನನ್ನನ್ನೇ ಕೇಳಿದರು. ನಾನು ಮೊಬೈಲು ತೆಗೆದು ವಿಡಿಯೋ ಹಚ್ಚಿ ಅವರ ಮುಂದೆ ಇಟ್ಟೆ.

"ನೋಡ್ರಿ ಸಾವ್ಕಾರ್ರೆ. ಹೆಂಗ ಜಿಗದು ಎದ್ದಾನ. ಸೊಂಟ ಹೋಗೇತಿ, ಚೀಲ ಹೊರಾಕ ಆಗಂಗಿಲ್ಲ ಅಂತಾನಲ್ಲ, ಸೊಂಟ ಹೋದಾವ ಹಿಂಗ ಏಳ್ತಾನೇನು?"

ಸಾವ್ಕಾರರು ಎರಡು ಸಲ ನೋಡಿದರು. ಮೂರನೇ ಸಲ ನೋಡುವಾಗ ಮುಖ ಬಿಗಿಯಿತು. ಮೋಸ ಹೋದೆ ಅನ್ನುವುದು ವ್ಯಾಪಾರಿಗೆ ಎಲ್ಲಕ್ಕಿಂತ ದೊಡ್ಡ ಅವಮಾನ. ಹುಲಿಗೇಶನನ್ನು ಕರೆದರು. ಅವನು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ.

"ಇಂಥಾ ಸೊಂಟ ಇಟಗೊಂಡು ಕುರ್ಚಿ ಬೇಡ್ತಿಯೇನಲೇ? ಹೋಗು, ಲಾರಿ ಬಂದೈತಿ, ಇಳಸು."

ಅವನು ಸ್ಕ್ಯಾನ್ ಪ್ಲೇಟು ತರುತ್ತೇನೆ ಅಂದ. ಸಾವ್ಕಾರರು ಬಳ್ಳಾರಿಯಲ್ಲಿ ಅಂಥ ಪ್ಲೇಟು ಎಷ್ಟು ಬೇಕಾದರೂ ಸಿಗುತ್ತವೆ ಅಂದರು. ಅವನು ನನ್ನ ಕಡೆ ನೋಡಿದ. ಡಾಕ್ಟರ ಮುಂದೆ ಅವನ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡವನು ನಾನು. ನಾನು ಬಿಲ್ ಬುಕ್ಕಿನಲ್ಲಿ ಕಾರ್ಬನ್ ಸರಿಮಾಡುತ್ತಾ ಕೂತೆ. ಅವನು ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ ಲಾರಿಯ ಕಡೆ ಹೋದ. ನಾನು ಯುಗಾದಿ ಮುಗಿಸಿ ಕುರುಗೋಡಿನ ಕುರ್ಚಿಯಲ್ಲಿ ಕೂತೆ. ದಾಕ್ಷಾಯಣಿ ಓಣಿಗೆಲ್ಲ ಸಕ್ಕರೆ ಹಂಚಿದಳು.

ಜುಲೈನಲ್ಲಿ ಕಾಲುವೆಗೆ ನೀರು ಬಿಟ್ಟರು, ಯೂರಿಯಾಕ್ಕೆ ಜನ ಮುಗಿಬಿದ್ದರು. ಒಂದೇ ದಿನ ಮೂರು ಲಾರಿ ಬಂದವಂತೆ. ಮೂರನೇ ಲಾರಿಗೆ ಆನಿಸಿದ ಹಲಗೆಯ ಮೇಲಿಂದ ಇಳಿಯುವಾಗ ಹುಲಿಗೇಶ ಚೀಲದ ಸಮೇತ ಕುಸಿದ. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಸೊಂಟದ ಕೆಳಗೆ ಎಡಗಾಲು ಪೂರ್ತಿ ಸತ್ತಿತು, ಬಲಗಾಲು ಅರ್ಧ. ಡಾಕ್ಟರು ಹೇಳಿದ್ದು ಅಕ್ಷರಶಃ ಹಾಗೆಯೇ ಆಯಿತು.

ದಸರಾಕ್ಕೆ ಮುಂಚೆ ಹಮಾಲಿ ಸಂಘದ ಹಿರಿಯ ಉಚ್ಚೆಂಗೆಪ್ಪ ನಾಲ್ಕು ಜನರನ್ನು ಕರೆದುಕೊಂಡು ಸಿರುಗುಪ್ಪದ ಅಂಗಡಿಗೆ ಬಂದ. ಅಂಗಡಿಯ ಕೆಲಸದಲ್ಲಿ ಬಿದ್ದವನಿಗೆ ಅಂಗಡಿಯವರೇ ಪರಿಹಾರ ಕೊಡಬೇಕು ಎಂಬುದು ಅವನ ಮಾತು. ಹುಲಿಗೇಶನನ್ನು ಕೂರಿಸಿಕೊಂಡು ತಂದ ಆಟೋವನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದರು. ನೀಲಾವತಿ ಕಳೆ ಕೀಳುವ ಕೆಲಸ ಬಿಟ್ಟು ಬಂದು ಆಟೋದ ಪಕ್ಕ ನಿಂತಿದ್ದಳು. ನನ್ನನ್ನೂ ಕುರುಗೋಡಿನಿಂದ ಕರೆಸಿದ್ದರು.

ಸಾವ್ಕಾರರು ಮೊಬೈಲು ತೆಗೆದರು. ನಾನು ಕಳಿಸಿದ್ದ ವಿಡಿಯೋ. "ನಮ್ಮ ಚೀಲದಿಂದ ಹೋಗಿಲ್ಲರೀ ಇವನ ಸೊಂಟ. ಕಡಲಾಗ ಆಟ ಆಡಾಕ ಹೋಗಿ ಮುರಕಂಡಾನ. ಮೂರು ದಿನ ಬಿದ್ದಾನ. ಹನ್ನೆರಡು ಮಂದಿ ಸಾಕ್ಷಿ ಅದಾರ." ಸೊಂಟ ಗಟ್ಟಿ ಇದೆ ಎಂದು ಸಾಬೀತು ಮಾಡಿದ ಅದೇ ಹನ್ನೊಂದು ಸೆಕೆಂಡು ಈಗ ಸೊಂಟ ಮುರಿದದ್ದನ್ನೂ ಸಾಬೀತು ಮಾಡಿತು.

ಉಚ್ಚೆಂಗೆಪ್ಪ ನನ್ನ ಕಡೆ ತಿರುಗಿದ. "ಶರಣಪ್ಪ, ನೀ ಅಲ್ಲಿದ್ದಿ. ನಿಂತ್ರ ಕುರ್ಚಿ ಕೊಡ್ತೀನಂತ ಸಾವ್ಕಾರ್ರು ಹೇಳಿದ್ದಕ್ಕ ಇವ ಹತ್ತಿದ್ನಂತ. ಖರೇನ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ನಗಚಾಟಕ್ಕ ಅಂದ ಮಾತದು," ಅಂದೆ. "ಎಲ್ಲಾರೂ ನಕ್ಕಿದ್ರು."

ನಕ್ಕಿದ್ದು ನಿಜವೇ. ಸುಳ್ಳಿಗಿಂತ ಹೊಲಸಾದ ಮಾತನ್ನು ನಾನು ಆಡಿದ್ದು ಅದೊಂದೇ, ಅದೂ ನಿಜವನ್ನೇ ಹೇಳಿ. ನನ್ನ ಮೇಲೆ ನನಗೆ ಅಸಹ್ಯವಾಯಿತು. ಆದರೂ ತಿದ್ದಲಿಲ್ಲ.

ಉಚ್ಚೆಂಗೆಪ್ಪ ಎದ್ದು ಆಟೋದ ಹತ್ತಿರ ಹೋಗಿ ಬಗ್ಗಿದ. "ತಮ್ಮಾ, ನೀನ ಹೇಳು. ಆ ಹಲಿಗಿ ಮ್ಯಾಲೆ ಇವರ ಜುಲುಮಿಗೆ ನಿಂತ್ನಿ ಅನ್ನು. ಅಷ್ಟ ಅನ್ನು ಸಾಕು. ಮುಂದಿಂದು ನಾ ನೋಡ್ಕೊಂತೀನಿ."

ಸಾವ್ಕಾರರು ಆಟೋದ ಕಡೆ ತಿರುಗಿಸಿ ಹಿಡಿದಿದ್ದ ಮೊಬೈಲನ್ನೇ ಹುಲಿಗೇಶ ನೋಡುತ್ತಿದ್ದ. ವಿಡಿಯೋ ಮತ್ತೆ ಮತ್ತೆ ಓಡುತ್ತಿತ್ತು, ಅಲ್ಲಿ ಅವನು ಇನ್ನೂ ಅಲೆಯ ಮೇಲೆ ನಗುತ್ತಾ ಬರುತ್ತಿದ್ದ. ಆ ವಿಡಿಯೋವನ್ನು ಅವನು ಅವತ್ತಿನವರೆಗೆ ನೋಡಿರಲಿಲ್ಲ. ನಾನು ತೋರಿಸಿರಲಿಲ್ಲ.

"ನೀರಿಗಿ ಇಳದದ್ದು ಅವರ ಮಾತಿಗೇ," ಅಂದ. ಕಣ್ಣನ್ನು ಮೊಬೈಲಿನಿಂದ ಕೀಳದೆ, "ನಿಂತದ್ದು ಮಾತ್ರ ಯಾರ ಜುಲುಮಿಗೂ ಅಲ್ಲ. ಅದು ನಾನ ನಿಂತದ್ದು" ಅಂದ.

"ಕೇಳಿದ್ರಲ್ಲ!" ಸಾವ್ಕಾರರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಉಚ್ಚೆಂಗೆಪ್ಪ ಹೆಗಲ ಮೇಲಿನ ಟವೆಲ್ ಕೊಡವಿ ಏನೋ ಗೊಣಗಿದ. ಜೊತೆಗೆ ಬಂದ ನಾಲ್ವರೂ ಚಪ್ಪಲಿ ಹಾಕಿಕೊಳ್ಳಲು ಶುರುಮಾಡಿದರು. ಮಾತುಕತೆ ಮುಗಿದಿತ್ತು.

ನೀಲಾವತಿ ಆಟೋದ ಪಕ್ಕದಿಂದ ಮುಂದೆ ಬಂದಳು. ಅವಳು ಸಾವ್ಕಾರರನ್ನು ಬೈಯುತ್ತಾಳೆ, ಇಲ್ಲವೇ ನನ್ನನ್ನು ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ನಮ್ಮ ಕಡೆ ತಿರುಗಲೇ ಇಲ್ಲ. ಆಟೋದವನಿಗೆ ನೀ ಹೋಗು ಅಂದಳು. ಗಂಡನ ಮುಂದೆ ಹೋಗಿ ನಿಂತಳು.

"ನೀನ ನಿಂತಾವ ಅಲ್ಲ? ಹಂಗಾರ ಈಗೂ ನಿಂದರು. ಎದ್ದು ಮನಿಗಿ ನಡಿ."

ಆಟೋದವನು ಏನು ಮಾಡಬೇಕೆಂದು ತಿಳಿಯದೆ ಇಂಜಿನ್ ಬಂದ್ ಮಾಡಿದ. ಹುಲಿಗೇಶ ಹೆಂಡತಿಯ ಮುಖ ನೋಡಿದ, ಆಮೇಲೆ ತನ್ನ ಕಾಲು ನೋಡಿಕೊಂಡ. ಎರಡೂ ಕೈಯಲ್ಲಿ ಆಟೋದ ಸರಳು ಹಿಡಿದು ಮೇಲೆ ಏಳಲು ನೋಡಿದ. ಸೀಟಿನಿಂದ ನಾಲ್ಕು ಬೆರಳು ಎದ್ದ. ಕುಸಿದು ಕೂತ. ಮತ್ತೆ ಎದ್ದ, ಮತ್ತೆ ಕುಸಿದ. ಅಂಗಡಿಯಲ್ಲಿದ್ದ ಒಬ್ಬರೂ ಹತ್ತಿರ ಹೋಗಲಿಲ್ಲ. ನಾನೂ ಹೋಗಲಿಲ್ಲ. ಅವನು ಮೂರನೇ ಸಲ ಸರಳು ಹಿಡಿಯುವಾಗ ನೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇಡ, ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅವನು ಅವಳನ್ನು ನೋಡುತ್ತಿರಲಿಲ್ಲ.